ನಂಬರು ಸವೆದ ಕೋವಿ

"ಕಬ್ಬಿಣ ನಂದು. ಮರ ನಂದಲ್ಲ," ಎಂದರು ವೆಂಡೆಲ್ ಸ್ಪಾಂಗ್ಲರ್, ಮೇಜಿನ ಮೇಲಿದ್ದ ಕೋವಿಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಾ.

ಎದುರಿಗೆ ಕೂತಿದ್ದ ಪ್ರೂಯಿಟ್ ಬರೆಯುವುದನ್ನು ನಿಲ್ಲಿಸಿದ. ಕೋವಿ ಕಾಯಿದೆ ನೋಡಿಕೊಳ್ಳುವ ಫೆಡರಲ್ ಇಲಾಖೆಯವನು ಅವನು. ಪಿಟ್ಸ್‌ಬರ್ಗಿನಿಂದ ಬಂದು ಎಂಟು ದಿನವಾಗಿತ್ತು, ಎಂಟು ದಿನದಲ್ಲಿ ಒಮ್ಮೆಯೂ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಇದೇ ಕೋವಿಯಿಂದ ಹನ್ನೆರಡು ದಿನದ ಹಿಂದೆ ನಮ್ಮ ಹೆಮ್‌ಲಾಕ್ ರನ್ ಊರಿನ ಶಾಲಾ ಬಸ್ಸಿನ ಡ್ರೈವರ್ ಲಿಯೋನಾ ಟ್ರೆಕ್ಸ್ಲರಳನ್ನು ಅವಳ ಮಾಜಿ ಗಂಡ ಡ್ವೇನ್ ಕೊಂದಿದ್ದ. ಅವನು ಕೋವಿ ಮುಟ್ಟಕೂಡದೆಂದು ಕೋರ್ಟಿನ ಆಜ್ಞೆಯಿತ್ತು. ಅಂಥವನ ಕೈಗೆ ಇದನ್ನು ಮಾರಿದವರು ಯಾರು ಎಂಬುದೊಂದನ್ನು ಬಿಟ್ಟು ಜೈಲಿನಲ್ಲಿ ಅವನು ಎಲ್ಲವನ್ನೂ ಬಾಯಿಬಿಟ್ಟಿದ್ದ. ಕಬ್ಬಿಣಕ್ಕೆ ಹೊಸದಾಗಿ ಹೊಳಪು ಕೊಟ್ಟದ್ದು ಕಂಡು, ಊರಲ್ಲಿ ಆ ಕೆಲಸ ಮಾಡುವ ವೆಂಡೆಲ್ ಅವರನ್ನು ಕರೆಸಿದ್ದೆವು.

"ಕಬ್ಬಿಣ, ಮರ ಎರಡೂ ಆಮೇಲೆ ನೋಡೋಣ," ಎಂದ ಪ್ರೂಯಿಟ್. "ತುಕ್ಕು ಹಿಡಿದ ಕೋವಿ ತಂದು, ಹೊಳಪು ಕೊಟ್ಟು, ಈ ವರ್ಷ ಎಷ್ಟು ಮಾರಿದ್ರಿ?"

"ಹತ್ತೋ ಹನ್ನೆರಡೋ."

"ಲೈಸೆನ್ಸು?"

"ಹವ್ಯಾಸಕ್ಕೆ ಯಾರಾದ್ರೂ ಲೈಸೆನ್ಸು ಮಾಡಿಸ್ತಾರೇನಪ್ಪಾ? ನನ್ ಹೆಂಡ್ತಿ ಕೌದಿ ಹೊಲೀತಾಳೆ, ಚರ್ಚಿನ ಮೇಳದಲ್ಲಿ ಮಾರ್ತಾಳೆ. ಹೋಗು, ಅವಳನ್ನೂ ಹಿಡ್ಕೊಂಡ್ ಬಾ."

"ಕೌದಿಯಿಂದ ಯಾರೂ ಸಾಯಲ್ಲ."

"ಅವಳ ಕೌದಿ ನೀನು ಹೊದ್ದಿಲ್ಲ, ಅದಕ್ಕೇ ಹಂಗಂತೀಯ."

ನನಗೆ ನಗು ಬಂತು. ಕೆಮ್ಮಿದ ಹಾಗೆ ಮಾಡಿ ನುಂಗಿಕೊಂಡೆ. ನಾನು ಮರ್ನಾ ಡೆಲ್ಪ್, ಈ ಕೌಂಟಿಯ ಪತ್ತೇದಾರಿಣಿ. ಐವತ್ತಕ್ಕೆ ಒಂದು ವರ್ಷ ಕಡಿಮೆ. ಸಿಡುಕಿ ಎಂದು ಊರಲ್ಲಿ ಹೆಸರಿದೆ, ಸುಮ್ಮನೆ ಬಂದದ್ದಲ್ಲ.

"ನೋಡಿ," ಎಂದ ಪ್ರೂಯಿಟ್, ಮಗುವಿಗೆ ಪಾಠ ಹೇಳುವವನಂತೆ. "ನಿಮ್ಮ ತಾತನ ಕೋವಿ ಮಾರಿ, ಯಾರೂ ಕೇಳಲ್ಲ. ಗೋಡೆ ಮೇಲೆ ಆಸೆಪಟ್ಟು ಕೂಡಿಟ್ಟದ್ದನ್ನ ಮಾರಿ, ಅದಕ್ಕೂ ಕೇಳಲ್ಲ. ಆದ್ರೆ ಕೊಳ್ಳೋದು, ತಿಕ್ಕೋದು, ಲಾಭಕ್ಕೆ ಮಾರೋದು, ಮತ್ತೆ ಇನ್ನೊಂದು ಕೊಳ್ಳೋದು... ಹೀಗೇ ಸುತ್ತು ಹೊಡೀತಿದ್ರೆ ಅದು ವ್ಯಾಪಾರ. ವ್ಯಾಪಾರಕ್ಕೆ ಲೈಸೆನ್ಸು ಬೇಕು."

"ಎಷ್ಟು ಸುತ್ತು ಹೊಡೆದ್ರೆ?"

"ಇಷ್ಟೇ ಅಂತ ಕಾನೂನಲ್ಲಿ ಬರೆದಿಲ್ಲ."

"ಕೇಳಿದ್ಯಾ ಮರ್ನಾ! ಜಿಂಕೆ ಎಷ್ಟು ಹೊಡೀಬಹುದು ಅಂತ ಬರೆದಿದ್ದಾರೆ, ಮೀನು ಎಷ್ಟುದ್ದ ಇರ್ಬೇಕು ಅಂತ ಬರೆದಿದ್ದಾರೆ. ಇದಕ್ಕೆ ಮಾತ್ರ ಸಾಹೇಬರ ಮನಸ್ಸಿಗೆ ಬಂದಷ್ಟು." ವೆಂಡೆಲ್ ನನ್ನ ಕಡೆ ಬೆರಳು ತೋರಿಸಿದರು. "ಇವಳೇ ಅಲ್ವಾ ಫೈರ್ ಸ್ಟೇಷನ್ ಹಾಲಲ್ಲಿ ನಿಂತ್ಕೊಂಡು ನಮಗೆಲ್ಲ ಹೇಳಿದ್ದು, ಹವ್ಯಾಸಕ್ಕೆ ಮಾರ್ಬಹುದು ಅಂತ?"

ಪ್ರೂಯಿಟ್ ನನ್ನತ್ತ ತಿರುಗಿದ. ಹೌದು, ಹೇಳಿದ್ದೆ. ಎರಡು ವರ್ಷದ ಹಿಂದೆ, ಹಳೆಯ ಕೋವಿಗಳನ್ನು ಹೊಸದು ಮಾಡುವ ಹವ್ಯಾಸಿಗಳು, ಮಂಗಳವಾರದ ಕೋವಿ ಗುಂಪಿನವರು, ಕರೆದಿದ್ದರು. ಮಾರಬಹುದು, ವ್ಯಾಪಾರ ಮಾಡಬಾರದು ಎಂದಿದ್ದೆ. ಅವರ ಕಿವಿಗೆ ಮೊದಲನೆಯ ಅರ್ಧ ಮಾತ್ರ ಇಳಿದಿತ್ತು.

"ಲೈಸೆನ್ಸಿನ ಮಾತು ಸಣ್ಣದು," ಎಂದ ಪ್ರೂಯಿಟ್. ಕೋವಿಯನ್ನು ಮಗುಚಿ, ಕಬ್ಬಿಣದ ತಳಭಾಗದಲ್ಲಿ ನುಣ್ಣಗೆ ಹೊಳೆಯುತ್ತಿದ್ದ ಒಂದು ಜಾಗವನ್ನು ತೋರಿಸಿದ. "ಇಲ್ಲಿ ಕಾರ್ಖಾನೆಯವರು ಕೊರೆದ ಗುರುತಿನ ನಂಬರಿತ್ತು. ಯಾರು ಅಳಿಸಿದ್ದು? ಇದನ್ನ ಡ್ವೇನ್‌ಗೆ ಮಾರಿದ್ದು ಯಾರು?"

ವೆಂಡೆಲ್ ತಲೆ ತಗ್ಗಿಸಿದರು.

"ಸರಿ. ಎರಡು ಗಂಟೆಗೆ ನ್ಯಾಯಾಧೀಶರ ಮುಂದೆ ಮಾತಾಡೋಣ. ಹತ್ತು ವರ್ಷ ಒಳಗಿರೋ ಕೇಸು ಇದು." ಕಾಗದ ತರಲು ಅವನು ಹೊರಗೆ ಹೋದ. ಗೋಡೆ ಗಡಿಯಾರದಲ್ಲಿ ಹತ್ತಾಗಿತ್ತು.

ಬಾಗಿಲು ಮುಚ್ಚಿದ್ದೇ ತಡ, ನಾನು ಕುರ್ಚಿ ಎಳೆದುಕೊಂಡು ಕೂತೆ. "ವೆಂಡೆಲ್ ಮಾಮ, ನಿಮಗೆ ಎಪ್ಪತ್ತಮೂರು. ಹತ್ತು ವರ್ಷ ಅಂದ್ರೆ ಏನು ಅಂತ ಗೊತ್ತಾಗ್ತಿದ್ಯಾ?"

"ಟೇಪು ಹಚ್ಚಿದ್ದೆ ಕಣೇ," ಎಂದರು ಅವರು. ಕಣ್ಣಲ್ಲಿ ನೀರು ತುಂಬಿತ್ತು. "ದೇವರಾಣೆ ಹಚ್ಚಿದ್ದೆ. ಕಣ್ಣಿಗೆ ಪೊರೆ ಬಂದಿದೆ, ಸರಿಯಾಗಿ ಕಾಣಲ್ಲ. ಹಚ್ಚಿದ್ದು ಒಂದು ಕಡೆ, ನಂಬರಿದ್ದದ್ದು ಇನ್ನೊಂದು ಕಡೆ."

ನನಗೆ ಅರ್ಥವಾಯಿತು. ತುಕ್ಕು ತಿಂದ ಕಬ್ಬಿಣವನ್ನು ಬಿಸಿ ಉಪ್ಪಿನ ತೊಟ್ಟಿಯಲ್ಲಿ ಅದ್ದಿ ನೀಲಿಗಪ್ಪು ಬರಿಸುವ ಮೊದಲು ಪಾಲಿಶ್ ಚಕ್ರಕ್ಕೆ ಒಡ್ಡುತ್ತಾರೆ. ಒಡ್ಡುವ ಮೊದಲು ನಂಬರಿನ ಮೇಲೆ ಟೇಪು ಹಚ್ಚುತ್ತಾರೆ, ಆ ಜಾಗವನ್ನು ಕೈಯಿಂದಲೇ ತಿಕ್ಕುತ್ತಾರೆ. ಚಕ್ರ ತಾಗಿದರೆ ಎರಡು ಕ್ಷಣದಲ್ಲಿ ನಂಬರು ಮಾಯ. ಬೇಕೆಂದೇ ಅಳಿಸಿದೆಯೋ ಕೈತಪ್ಪಿ ಸವೆಯಿತೋ ಎಂದು ಕಾನೂನು ಮೊದಲು ಕೇಳುವುದಿಲ್ಲ. ಅಂಥ ಕೋವಿ ಮನೆಯಲ್ಲಿದ್ದರೇ ಅಪರಾಧ. ಈ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಅದೊಂದೇ ಹೆದರಿಕೆ.

"ಸವೆದದ್ದು ಗೊತ್ತಾದ ತಕ್ಷಣ ತಂದುಕೊಟ್ಟವರಿಗೆ ಹೇಳ್ದೆ," ಎಂದರು ವೆಂಡೆಲ್. "'ನಾನು ನೋಡ್ಕೋತೀನಿ, ಸರ್ಕಾರಕ್ಕೆ ಬರೆದು ಹೊಸ ನಂಬರು ಹಾಕಿಸೋ ದಾರಿ ಇದೆ, ಅಲ್ಲೀತನಕ ತುಟಿ ಬಿಚ್ಬೇಡ' ಅಂದ್ರು. ಬಿಚ್ಲಿಲ್ಲ."

"ತಂದುಕೊಟ್ಟವರು ಯಾರು?"

"ನನ್ ಬಾಯಿಂದ ಬೇಡ."

"ಮಾಮ, ಸುಮ್ನೆ ತಲೆ ತಿನ್ನಬೇಡಿ!"

"ನನ್ನ ಕುಡಿತ ಬಿಡಿಸಿದ ಮನುಷ್ಯ ಕಣೇ. ನನ್ ಸಂಸಾರ ಉಳಿಸಿದ್ದು ಅವರು. ಕಬ್ಬಿಣ ಮಾತ್ರ ಬಿಚ್ಚಿ ತಂದುಕೊಟ್ಟಿದ್ರು, ಮರ ನಾನು ನೋಡೇ ಇರ್ಲಿಲ್ಲ. ನಮ್ ಗುಂಪಿನ ಪದ್ಧತಿ ನಿನಗೆ ಗೊತ್ತಲ್ಲ. ಮರಕ್ಕೆ ಎಣ್ಣೆ ತಿಕ್ಕಿದವರು ಯಾರು ಅಂತ ತಗಡು ಬಿಚ್ಚಿ ನೀನೇ ನೋಡ್ಕೋ."

ಗೊತ್ತಿಲ್ಲದೆ ಏನು? ಮರದ ಹಿಡಿಯ ತುದಿಯಲ್ಲಿ, ಭುಜಕ್ಕೆ ಒತ್ತುವ ಕಡೆ, ಒಂದು ಕಬ್ಬಿಣದ ತಗಡು ಇರುತ್ತದೆ. ಎಣ್ಣೆ ತಿಕ್ಕಿ ಮುಗಿಸಿದವರು ಅದರ ಕೆಳಗೆ ಪೆನ್ಸಿಲ್ಲಿನಿಂದ ಹೆಸರು, ತಿಂಗಳು ಬರೆದು ತಗಡು ಮುಚ್ಚುತ್ತಾರೆ. 'ತಿಕ್ಕಿದವನು ಬರೆಯಲೇಬೇಕು' ಎಂಬುದು ಮಂಗಳವಾರದ ಗುಂಪಿನ ನಿಯಮ.

ಜೇಬಿನ ಚಾಕುವಿನಲ್ಲಿದ್ದ ಸ್ಕ್ರೂಡ್ರೈವರ್ ಬಿಚ್ಚಿದೆ. ತಗಡಿಗೆ ಎರಡು ಸ್ಕ್ರೂ. ಎರಡರ ತಲೆಯ ಮೇಲಿನ ಗೀಟೂ ನೇರವಾಗಿ, ಒಂದೇ ದಿಕ್ಕಿಗೆ ನಿಂತಿದ್ದವು. ಗೀಟು ಸೊಟ್ಟಗಿದ್ದರೆ ಕೆಲಸವನ್ನು ಮುಖಕ್ಕೆ ಹಿಡಿದು ವಾಪಸು ಕೊಡುವ ಒಬ್ಬರನ್ನು ನಾನು ಬಲ್ಲೆ. ನನಗೆ ಸ್ಕ್ರೂ ತಿರುಗಿಸಲು ಕಲಿಸಿದವರೇ ಅವರು.

ತಗಡು ಬಿಚ್ಚಿದೆ. ಕೆಳಗಿನ ಸಾಲು ಹೊಸದು: 'ಆ. ಕೀ., ಸೆಪ್ಟೆಂಬರ್.' ಆಂಬ್ರೋಸ್ ಕೀಫರ್. ನಮ್ಮ ಹೈಸ್ಕೂಲಿನ ಮರಗೆಲಸದ ಮೇಷ್ಟ್ರು. ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಇಡೀ ಊರಿಗೆ ಇವತ್ತಿಗೂ ಮೇಷ್ಟ್ರು.

ಅದರ ಮೇಲಿನ ಸಾಲು ಹಳೆಯದು. ಎಣ್ಣೆ ಕುಡಿದು ಕಂದಾಗಿತ್ತು. ಬಡಗಿಯ ದಪ್ಪ ಪೆನ್ಸಿಲ್ಲಿನ ಅಕ್ಷರ.

'ಮರ್ನಾಗೆ. ಹದಿನಾರು ತುಂಬುವ ದಿನಕ್ಕೆ. ಅಪ್ಪ.'

"ಏನಾಯ್ತೇ?" ಎಂದು ವೆಂಡೆಲ್ ಮಾಮ ಎರಡು ಸಲ ಕೇಳಿದರು.

ಆ ದಿನಕ್ಕೆ ಎರಡು ವರ್ಷ ಮೊದಲೇ, ನನಗೆ ಹದಿನಾಲ್ಕು ತುಂಬಿದ ಚಳಿಗಾಲ, ಅಪ್ಪ ಬೇಟೆಗೆ ಹೋಗಿ, ಅಣೆಕಟ್ಟಿನ ಕೆರೆಯ ಹೆಪ್ಪುಗಟ್ಟಿದ ನೀರು ಬಿರಿದು ಮುಳುಗಿ ಸತ್ತ. ಜೊತೆಗಿದ್ದವರು ಮೇಷ್ಟ್ರು. ಕೋವಿಯೂ ಅವನ ಜೊತೆಗೇ ಮುಳುಗಿತು ಎಂದು ಅಮ್ಮನಿಗೆ ಹೇಳಿದವರು ಮೇಷ್ಟ್ರು. ವಸಂತ ಬಂದು ಹೆಪ್ಪು ಕರಗಿದ ಮೇಲೆ, "ಮೂರು ದಿನ ದೋಣಿ ಹಾಕಿ ಹುಡುಕಿದೆ ಕಣೇ ಮಗಾ, ಸಿಗಲಿಲ್ಲ," ಎಂದು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತವರೂ ಅವರೇ. ಅಳಬೇಡಿ ಮೇಷ್ಟ್ರೇ, ಕೋವಿ ಹೋದರೆ ಹೋಗಲಿ ಎಂದು ನಾನು, ಅಪ್ಪ ಇಲ್ಲದ ಹುಡುಗಿ, ಅವರ ಬೆನ್ನು ಸವರಿದ್ದೆ!

ಪ್ರೂಯಿಟ್ ಇನ್ನೂ ಬಂದಿರಲಿಲ್ಲ. ತಗಡು ಮುಚ್ಚಿದೆ, ಸ್ಕ್ರೂ ಬಿಗಿದೆ. ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ. ಮೂವತ್ತೈದು ವರ್ಷ ಅಪ್ಪನ ಜಾಗದಲ್ಲಿ ನಿಂತ ಮನುಷ್ಯನನ್ನು ಮೊದಲು ನಾನೇ ಕೇಳಬೇಕು ಅನ್ನಿಸಿತು.

"ಮಾಮ, ಮಧ್ಯಾಹ್ನ ಎರಡು ಹೊಡೆಯೋ ಮುಂಚೆ ಮಾರಿದವರನ್ನ ಕರ್ಕೊಂಡು ಬರ್ತೀನಿ. ನೀವು ಒಳಗೆ ಹೋಗಲ್ಲ," ಎಂದೆ.

"ಮೆಲ್ಲಗೆ ಮಾತಾಡ್ಸೇ," ಎಂದರು ವೆಂಡೆಲ್. "ಹಾರ್ಟ್ ಸರಿ ಇಲ್ಲ ಅವರಿಗೆ."

*

ಮೇಷ್ಟ್ರ ಶೆಡ್ಡಿನ ಬಾಗಿಲು ತೆರೆದರೆ ಅಗಸೆ ಎಣ್ಣೆಯ ವಾಸನೆ. ಶನಿವಾರದಿಂದ ಜಿಂಕೆ ಬೇಟೆ ಶುರು. ಊರಿನವರ ಕೋವಿಗಳು ಗೋಡೆಗೆ ಸಾಲಾಗಿ ಒರಗಿದ್ದವು. ಎಂಬತ್ತೊಂದರ ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಅಂಗೈಯಿಂದ ಒಂದು ಮರದ ಹಿಡಿಗೆ ಎಣ್ಣೆ ತಿಕ್ಕುತ್ತಿದ್ದರು.

"ಬಾರೇ ಹುಡುಗಿ. ಬಂದೇ ಬರ್ತೀಯ ಅಂತಿದ್ದೆ," ಎಂದರು. "ಫ್ಲಾಸ್ಕಲ್ಲಿ ಕಾಫಿ ಇದೆ. ಜಿಂಕೆ ಮಾಂಸದ ಬಲೋನಿ ಸಾಸೇಜು ಕೊಯ್ದಿಟ್ಟಿದೀನಿ, ತಗೋ."

"ಬೇಡ."

"ಬೆಳಗ್ಗೆಯಿಂದ ಏನೂ ತಿಂದಿರಲ್ಲ ನೀನು. ಮುಖ ನೋಡಿದ್ರೇ ಗೊತ್ತಾಗುತ್ತೆ."

"ಮೇಷ್ಟ್ರೇ, ಸೆಪ್ಟೆಂಬರಲ್ಲಿ ಲಿವರ್ ಎಳೆದು ಗುಂಡು ಏರಿಸೋ ಒಂದು ಹಳೇ ಕೋವಿಗೆ ಎಣ್ಣೆ ತಿಕ್ಕಿದ್ರಾ?"

"ಎಷ್ಟಕ್ಕೋ ತಿಕ್ತೀನಿ. ಎಲ್ಲಾ ನೆನಪಿರುತ್ತಾ?"

"ತಗಡಿನ ಕೆಳಗೆ ಹೆಸರು ಬರ್ದಿದೀರಿ."

ಅವರ ಕೈ ನಿಂತಿತು. "ಬರ್ದಿದೀನಾ?" ಎಂದರು. ನಟನೆಯಲ್ಲ, ನಿಜಕ್ಕೂ ಬೆರಗಾಗಿದ್ದರು. "ಛೆ! ನಾನೇ ಬರ್ದೆನಾ? ನೋಡು, ಐವತ್ತು ವರ್ಷದ ಅಭ್ಯಾಸ. ಬರೀಬಾರ್ದು ಅಂತ ತಲೆ ಅಂದ್ಕೊಂಡ್ರೂ ಕೈ ಕೇಳಲ್ಲ."

"ನಿಮ್ಮ ಹೆಸರಿನ ಮೇಲೆ ಇನ್ನೊಂದು ಸಾಲಿದೆ."

"ಇದೆ."

"ಯಾಕೆ ಅಳಿಸ್ಲಿಲ್ಲ?"

"ಉಪ್ಪುಕಾಗದ ಕೈಗೆ ತಗೊಂಡಿದ್ದೆ," ಎಂದರು ಮೇಷ್ಟ್ರು. "ಆಗ್ಲಿಲ್ಲ ಕಣೇ. ನಿಮ್ಮಪ್ಪನ ಅಕ್ಷರ."

"ನಮ್ಮಪ್ಪನ ಕೋವಿ ನೀರಲ್ಲಿದೆ ಅಂದಿದ್ರಿ! ಮೂರು ದಿನ ಹುಡುಕಿದೆ ಅಂದಿದ್ರಿ!" ನನ್ನ ದನಿ ಶೆಡ್ಡಿನ ತಗಡಿನ ಮಾಡಿಗೆ ಬಡಿಯಿತು. "ಪ್ರತಿ ಮಂಗಳವಾರ ಇಲ್ಲಿಗೆ ಬರ್ತಿದ್ದೆನಲ್ಲ, ಎಲ್ಲಿತ್ತು ಅದು?"

ಅವರು ನಾನು ಯಾವಾಗಲೂ ಕೂರುತ್ತಿದ್ದ ಬೆಂಚನ್ನು ನೋಡಿದರು. "ಅದರ ಹಿಂದೆ. ಹಲಗೆ ಗೋಡೆ ಒಳಗೆ."

ಆ ಬೆಂಚಿನ ಮೇಲೆ ಕೂತು ನಾನು ಅಮ್ಮನ ಕಾಯಿಲೆಯ ಬಗ್ಗೆ ಹೇಳಿಕೊಂಡಿದ್ದೆ, ಗಂಡ ಬಿಟ್ಟುಹೋದಾಗ ಅತ್ತಿದ್ದೆ.

"ಹೇಳಿ. ಪೂರ್ತಿ ಹೇಳಿ. ಒಂದು ಅಕ್ಷರ ಬಿಡಬೇಡಿ."

ಮೇಷ್ಟ್ರು ಬಟ್ಟೆಯಿಂದ ಕೈ ಒರೆಸಿಕೊಂಡರು. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ.

"ಜಿಂಕೆ ಹೊಡೆದಿದ್ದ ನಿಮ್ಮಪ್ಪ. ಅದು ಕೆರೆ ನಡುವೆ ಓಡಿ ಬಿತ್ತು. 'ತಡಿ, ಎಳ್ಕೊಂಡ್ ಬರ್ತೀನಿ, ಇದನ್ನ ಹಿಡ್ಕೋ' ಅಂತ ಕೋವಿ ನನ್ ಕೈಗೆ ಕೊಟ್ಟು ಹೆಪ್ಪಿನ ಮೇಲೆ ಹೋದ. ಹದಿನೈದು ಹೆಜ್ಜೆ ಹೋಗಿಲ್ಲ, ಬಿರೀತು. ಕೊರಳ ತನಕ ನೀರಲ್ಲಿ ಮುಳುಗಿ ಕೂಗಿದ. 'ಆಂಬ್ರೋಸ್, ಕೋವಿ ಚಾಚೋ, ಹಿಡ್ಕೋತೀನಿ' ಅಂದ."

"ನೀವು?"

"ಹೊಟ್ಟೆ ಮೇಲೆ ಮಲಗಿ ತೆವಳ್ಕೊಂಡು ಹೋಗಿದ್ರೆ ಮುಟ್ತಿತ್ತು. ಹೋಗ್ಲಿಲ್ಲ. ಕಾಲು ಏಳ್ಲಿಲ್ಲ ಮರ್ನಾ. ಹೆದರ್ಕೊಂಡೆ. ಅವನ ಕೂಗು ನಿಂತ ಮೇಲೂ ದಡದಲ್ಲೇ ನಿಂತಿದ್ದೆ. ಆ ಕೋವಿ ಹಿಡ್ಕೊಂಡು ನಿಮ್ಮನೆ ಬಾಗಿಲಿಗೆ ಹೇಗೆ ಬರ್ಲಿ? 'ಅವನ ಕೋವಿ ನಿನ್ ಕೈಲಿದೆ, ಅವನು ಯಾಕಿಲ್ಲ?' ಅಂತ ನಿಮ್ಮಮ್ಮ ಕೇಳ್ತಿರ್ಲಿಲ್ವಾ?"

ನಾನು ಕೂತುಬಿಟ್ಟೆ. ಈ ಮನುಷ್ಯ ನನಗೆ ಕಾರು ಓಡಿಸಲು ಕಲಿಸಿದ್ದರು. ನನ್ನ ಮದುವೆಯಲ್ಲಿ ಚರ್ಚಿನೊಳಕ್ಕೆ ನನ್ನ ಕೈ ಹಿಡಿದು ನಡೆಸಿದ್ದರು. ಅದೆಲ್ಲ ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೋ, ಬಾಯಿ ಮುಚ್ಚಿಸುವ ಉಪಾಯವೋ, ಈಗ ಹೇಗೆ ಬೇರೆ ಮಾಡಲಿ?

"ಮೂವತ್ತೈದು ವರ್ಷ ಬಚ್ಚಿಟ್ಟವರು ಈಗ ಯಾಕೆ ಮಾರಿದ್ರಿ?"

"ಡಾಕ್ಟರು ನನಗೆ ಈ ಚಳಿಗಾಲ ದಾಟೋದು ಕಷ್ಟ ಅಂದ್ರು. ನಾನು ಹೋದ್ಮೇಲೆ ಈ ಶೆಡ್ಡು ಖಾಲಿ ಮಾಡೋಳು ನೀನೇ ಅಲ್ವಾ. ನಿನ್ ಕೈಗೆ ಸಿಗ್ಬಾರ್ದಿತ್ತು."

"ನದೀಗೆ ಎಸೀಬಹುದಿತ್ತಲ್ಲ! ಒಲೆಗೆ ಹಾಕ್ಬಹುದಿತ್ತಲ್ಲ!"

"ಒಳ್ಳೇ ಅಕ್ರೋಟಿನ ಮರ ಕಣೇ," ಎಂದರು ಮೇಷ್ಟ್ರು. ಅವರ ದನಿಯಲ್ಲಿ ಆಗಲೂ ಸಣ್ಣ ಮಮತೆಯಿತ್ತು. "ಎಸೆಯೋಕೆ ಮನಸ್ಸು ಬರ್ಲಿಲ್ಲ. ತುಕ್ಕು ಹಿಡಿದ ಹಾಗೇ ಕೊಡೋಕೂ ಮನಸ್ಸು ಬರ್ಲಿಲ್ಲ. ಅದಕ್ಕೇ ಕಬ್ಬಿಣ ಬಿಚ್ಚಿ ವೆಂಡೆಲ್‌ಗೆ ಕೊಟ್ಟೆ. ಅವನು ನೋಡಿದ್ರೆ ನಂಬರು ಸವೆಸ್ಕೊಂಡು ಕೂತ. ಇನ್ನು ಯಾವ ಅಂಗಡಿಯವನೂ ಮುಟ್ಟಲ್ಲ, ಯಾವ ಮರ್ಯಾದಸ್ಥನೂ ಮುಟ್ಟಲ್ಲ."

"ಡ್ವೇನ್ ಮುಟ್ದ."

"ಅವನೇ ಹುಡುಕ್ಕೊಂಡು ಬಂದ."

"ಅವನ ಮೇಲೆ ಕೋರ್ಟಿನ ಆಜ್ಞೆ ಇದ್ದದ್ದು ಗೊತ್ತಿತ್ತಾ?"

ಮೇಷ್ಟ್ರು ಎಣ್ಣೆಯ ಡಬ್ಬಿಯ ಮುಚ್ಚಳ ಹುಡುಕತೊಡಗಿದರು.

"ಮೇಷ್ಟ್ರೇ, ಗೊತ್ತಿತ್ತಾ?"

"ಊರಿಗೆಲ್ಲಾ ಗೊತ್ತಿತ್ತು," ಎಂದರು ಕೊನೆಗೆ. "ಜಿಂಕೆಗೆ ಅಂದ. ಎಂಟನೇ ಕ್ಲಾಸಲ್ಲಿ ಅವನಿಗೆ ಸ್ಟೂಲು ಮಾಡೋದು ಕಲಿಸಿದೋನು ನಾನು. ನಂಬಿದೆ."

"ನಂಬಿದ್ರಾ, ನಂಬಿದ ಹಾಗೆ ಮಾಡಿದ್ರಾ?"

ಅವರು ಸಿಕ್ಕ ಮುಚ್ಚಳವನ್ನು ಡಬ್ಬಿಗೆ ತಿರುಗಿಸಿ ಬಿಗಿದರು.

"ಲಿಯೋನಾ ಸತ್ತಳು ಮೇಷ್ಟ್ರೇ. ಒಳ್ಳೇ ಮರ, ಎಸೆಯೋಕೆ ಮನಸ್ಸು ಬರ್ಲಿಲ್ಲ ಅಂತ ಒಬ್ಬ ಹೆಂಗಸು ಸತ್ತಳು! ಈಗ ಪಾಪ ವೆಂಡೆಲ್ ಮಾಮ ನಿಮ್ಮ ಹೆಸರು ಹೇಳ್ದೆ ಹತ್ತು ವರ್ಷ ಒಳಗೆ ಕೂರೋಕೆ ತಯಾರಾಗಿದ್ದಾರೆ. ಏನು ಮನುಷ್ಯರು ನೀವು?"

ಅವರು ಮುಖ ಮುಚ್ಚಿಕೊಂಡು ಅತ್ತರು. ಆ ಅಳು ನನಗೆ ಹಳೆಯ ಪರಿಚಯ, ನಮ್ಮ ಅಡುಗೆಮನೆಯಲ್ಲಿ ಕೇಳಿದ್ದು ಅದನ್ನೇ. ಈ ಸಲ ನಾನು ಬೆನ್ನು ಸವರಲಿಲ್ಲ.

"ಏಳಿ. ಕೋರ್ಟಿಗೆ ಹೋಗೋಣ. ನನಗೆ ಹೇಳಿದ್ದನ್ನೇ ಅಲ್ಲಿ ಹೇಳ್ಬೇಕು."

"ಬರ್ತೀನಿ," ಎಂದರು ತಕ್ಷಣ. "ಕೈ ತೊಳ್ಕೊಂಡು ಕೋಟು ಹಾಕ್ಕೋತೀನಿ, ಇರು."

ಅಷ್ಟು ಸುಲಭವಾಗಿ ಒಪ್ಪಿದ್ದು ಕಂಡು ನನ್ನ ಕೋಪ ಸ್ವಲ್ಪ ಇಳಿಯಿತು, ನಿಜ ಹೇಳುತ್ತೇನೆ. ಎಷ್ಟೆಂದರೂ ಮೇಷ್ಟ್ರಲ್ಲವೇ ಅಂದುಕೊಂಡೆ. ಅವರು ಒಂದೊಂದೇ ಬೆರಳನ್ನು ಸೋಪಿನಿಂದ ಉಜ್ಜಿ ತೊಳೆದರು. ಉಗುರಿನ ಸಂದಿಯ ಎಣ್ಣೆಯನ್ನೂ ಬಿಡಲಿಲ್ಲ. ಕೋಟಿನ ಗುಂಡಿ ಹಾಕಲು ಅಷ್ಟೇ ಹೊತ್ತು ಮಾಡಿದರು. ಮುದುಕರು, ಮಾಡಲಿ ಎಂದು ಕಾದೆ.

ಹೊರಗೆ ಜಲ್ಲಿಯ ಮೇಲೆ ಕಾರು ನಿಂತ ಸದ್ದು ಕೇಳಿತು. ಪ್ರೂಯಿಟ್, ಅವನ ಹಿಂದೆ ನಮ್ಮದೇ ಕಚೇರಿಯ ಇಬ್ಬರು ಪೊಲೀಸರು. ನನ್ನನ್ನು ಹಿಂಬಾಲಿಸಿ ಬಂದಿದ್ದಾನೆ, ಒಳ್ಳೆಯದೇ ಆಯಿತು ಅನ್ನಿಸಿತು.

"ಸರಿಯಾದ ಹೊತ್ತಿಗೆ ಬಂದ್ರಿ," ಎಂದೆ. "ಕೋವಿ ಮಾರಿದ್ದು ಇವರು. ಈಗ ತಾನೇ ಒಪ್ಕೊಂಡ್ರು."

"ಗೊತ್ತು," ಎಂದ ಪ್ರೂಯಿಟ್. "ಹತ್ತು ಗಂಟೆಗೆ ಕಾಗದ ತರೋಕೆ ಹೊರಗೆ ಬಂದ್ನಲ್ಲ, ಆಗ ಇವರ ಫೋನ್ ಬಂತು. ಅರ್ಧ ಗಂಟೆ ಮಾತಾಡಿದ್ರು. ಈಗ ಹೇಳಿಕೆಗೆ ಸಹಿ ಮಾಡಿಸ್ಕೊಳ್ಳೋಕೆ ಬಂದಿದೀನಿ."

ಹತ್ತು ಗಂಟೆಗೆ! ನಾನಿನ್ನೂ ಸ್ಕ್ರೂಡ್ರೈವರ್ ಬಿಚ್ಚುತ್ತಿದ್ದ ಹೊತ್ತು. ಅಂದರೆ ನಾನು ಬಾಗಿಲು ತೆರೆದಾಗ, ಮೇಷ್ಟ್ರು ಕಾಫಿ ಇದೆ ಎಂದಾಗ, ಎಲ್ಲ ಆಗಿಹೋಗಿತ್ತು.

"ಡೆಲ್ಪ್ ಅವರೇ," ಎಂದ ಪ್ರೂಯಿಟ್. ಎಂಟು ದಿನದಿಂದ ಮರ್ನಾ ಎಂದು ಕರೆಯುತ್ತಿದ್ದವನು. "ಕೋವಿ ನಿಮ್ಮದು, ನಿಮ್ಮ ತಂದೆಯಿಂದ ನಿಮಗೆ ಬಂದದ್ದು ಅಂತ ಇವರು ಹೇಳಿದ್ದಾರೆ. ಇದನ್ನ ಚೆನ್ನಾಗಿ ಮಾಡಿ ಯಾರಿಗಾದ್ರೂ ಮಾರಿಕೊಡಿ ಅಂತ ಆಗಸ್ಟಲ್ಲಿ ನೀವೇ ತಂದುಕೊಟ್ರಂತೆ. ನಂಬರು ಸವೆದಾಗ ಇವರು ಹೆದರಿ ನಿಮ್ಮನ್ನ ಕೇಳಿದ್ರಂತೆ. ಹವ್ಯಾಸದವರ ಮಾರಾಟ, ಕಾಗದ ಪತ್ರ ಏನೂ ಬೇಡ, ಡ್ವೇನ್ ಕೇಳ್ತಿದ್ರೆ ಕೊಟ್ಬಿಡಿ ಅಂದ್ರಂತೆ ನೀವು."

"ಏನು?"

"ತಗಡಿನ ಕೆಳಗೆ ನಿಮ್ಮ ಹೆಸರಿದೆ ಅಂದ್ರು. ಬಿಚ್ಚಿ ನೋಡ್ದೆ, ಇದೆ. ಆದ್ರೆ ನನಗಿಂತ ಮುಂಚೆ ಯಾರೋ ಬಿಚ್ಚಿದ್ರು. ಸ್ಕ್ರೂ ಮೇಲೆ ಹೊಸ ಗೀರಿತ್ತು. ಯಾರು ಅಂತ ವೆಂಡೆಲ್‌ನ ಕೇಳ್ದೆ, ಮರ್ನಾ ಅಂದ." ಅವನು ನನ್ನನ್ನೇ ದಿಟ್ಟಿಸಿದ. "ನನಗೆ ಒಂದು ಮಾತೂ ಹೇಳದೆ ಮುಚ್ಚಿಟ್ಟು ನೇರ ಇಲ್ಲಿಗೆ ಬಂದಿದೀರಿ. ನಾನು ಏನಂತ ತಿಳ್ಕೊಳ್ಳಿ?"

ನಾನು ತಿರುಗಿದೆ. "ಮೇಷ್ಟ್ರೇ, ಈಗ ನನಗೆ ಹೇಳಿದ್ದನ್ನ ಇವರ ಮುಂದೆ ಹೇಳಿ. ಕೆರೆ ವಿಷಯ ಹೇಳಿ. ಹಲಗೆ ಗೋಡೆ ವಿಷಯ ಹೇಳಿ."

ಮೇಷ್ಟ್ರು ಕೋಟಿನ ಕೊನೆಯ ಗುಂಡಿ ಹಾಕಿಕೊಂಡರು. ಕಣ್ಣು ಇನ್ನೂ ಕೆಂಪಗಿತ್ತು.

"ಯಾವ ಕೆರೆ ಮಗಾ? ನೀನು ಹೇಳಿದ್ದನ್ನ ಮಾಡ್ದೆ, ಅಷ್ಟೇ. ಇಷ್ಟು ವಯಸ್ಸಾದೋನು ನಾನು, ಕಾನೂನು ಏನು ಕಂಡಿದೀನಿ?"

ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತಾರೆ. ಇವನು ನಮ್ಮ ಮನೆಯಲ್ಲಿ ಮೂವತ್ತೈದು ವರ್ಷ ಉಂಡಿದ್ದ.

"ಏನಂದೆ?" ಎಂದೆ. "ಇನ್ನೊಂದ್ ಸಲ ಹೇಳು ನೋಡೋಣ!" ಜೀವನದಲ್ಲಿ ಮೊದಲ ಬಾರಿ ಅವನನ್ನು ಏಕವಚನದಲ್ಲಿ ಕರೆದಿದ್ದೆ. ಪೊಲೀಸರಲ್ಲೊಬ್ಬ ಬಾಗಿಲಿಗೆ ಅಡ್ಡ ಬಂದು ನಿಂತ.

"ನನಗೆ ಇನ್ನು ಜೈಲಲ್ಲಿ ಸಾಯೋಕೆ ಆಗಲ್ಲ ಮರ್ನಾ," ಎಂದ ಅವನು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ನೀನು ಗಟ್ಟಿ ಇದೀಯ. ತಡ್ಕೋತೀಯ."

"ನನ್ನದು ಒಂದೇ ಪ್ರಶ್ನೆ," ಎಂದ ಪ್ರೂಯಿಟ್. "ಉಳಿದದ್ದೆಲ್ಲ ಆಮೇಲೆ. ಲಿಯೋನಾ ಟ್ರೆಕ್ಸ್ಲರಳನ್ನು ಕೊಂದ ಆ ಕೋವಿ ನಿಮ್ಮದೇ? ಹೌದೋ, ಅಲ್ಲವೋ?"

ಅಲ್ಲ ಎನ್ನುವುದು ಸುಲಭವಿತ್ತು. ಯಾವ ಕಾಗದದಲ್ಲೂ ಅದು ನನ್ನದಲ್ಲ, ಒಂದು ದಿನವೂ ನಾನದನ್ನು ಭುಜಕ್ಕೆ ಒತ್ತಿದವಳಲ್ಲ. ಅಲ್ಲ ಎಂದರೆ ಒಡೆಯನಿಲ್ಲದ ಕೋವಿಯಾಗುತ್ತಿತ್ತು, ಎರಡು ಗಂಟೆಗೆ ವೆಂಡೆಲ್ ಮಾಮನ ಕೊರಳಿಗೇ ಬೀಳುತ್ತಿತ್ತು. ಅಪ್ಪ ಚಳಿಯಲ್ಲಿ ಕೂತು ಗುಟ್ಟಾಗಿ ಬರೆದಿಟ್ಟ ಮಾತನ್ನು ನಾನೇ ಸುಳ್ಳು ಮಾಡಿದಂತೆಯೂ ಆಗುತ್ತಿತ್ತು.

"ನಂದೇ," ಎಂದೆ. "ನಮ್ಮಪ್ಪ ನನಗೇ ಅಂತ ಬರೆದಿಟ್ಟದ್ದು."

ಪ್ರೂಯಿಟ್ ನನ್ನ ಬಿಲ್ಲೆಗೂ ಸೊಂಟದ ಪಿಸ್ತೂಲಿಗೂ ಕೈ ಚಾಚಿದ.

ಅವನ ಹಿಂದೆ ಆಂಬ್ರೋಸ್ ಕೀಫರ್ ತಲೆಯಾಡಿಸಿದ. ಶಾಲೆಯಲ್ಲಿ ನಾನು ಮಾಡಿದ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಾಗ ಆಡಿಸುತ್ತಿದ್ದನಲ್ಲ, ಹಾಗೆಯೇ.

"ಫೋನಲ್ಲೇ ಹೇಳಿದ್ನಲ್ಲ ಸಾರ್," ಎಂದ. "ಕೇಳಿ ನೋಡಿ, ಒಪ್ಕೋತಾಳೆ ಅಂತ. ಅವಳ ಬಾಯಲ್ಲಿ ಸುಳ್ಳು ಬರಲ್ಲ. ನಾನೇ ತಿದ್ದಿ ಬೆಳೆಸಿದ ಹುಡುಗಿ."